ಗೋಡೆಯೂ ಚಿತ್ರವೂ

(ತೃತೀಯ ಬಿ. ಎ. ವಿದ್ಯಾರ್ಥಿಯೊಬ್ಬನ ಬರಹ)

ಚಿತ್ರಕಲೆಯ ವಿಷಯವಾಗಿ ಬರೆಯುವ ಅಧಿಕಾರ ನನಗಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಕ್ಷೇಮ. ನಾನು ಕುಂಚ ಹಿಡಿದವನಲ್ಲ. ಹಿಡಿದರೂ ಆನೆ ಬರೆಯಹೋಗಿ ಹಂದಿ ಬರೆದೇನು. ನಾನು ಓದುವುದು ಇತಿಹಾಸ ಮತ್ತು ಅರ್ಥಶಾಸ್ತ್ರ. ವಾರ್ಷಿಕ ಸಂಚಿಕೆಗೆ ಲೇಖನ ಕೇಳಿದ ನಮ್ಮ ಕನ್ನಡ ಅಧ್ಯಾಪಕರು, “ಪ್ರತಿ ವರ್ಷವೂ ಸಮಯದ ಮಹತ್ತ್ವ, ವಿದ್ಯಾರ್ಥಿ ಜೀವನ ಎಂದು ಬರೆದುಕೊಡುತ್ತೀರಿ. ಈ ಸಲ ನೀನು ಕಣ್ಣಾರೆ ಕಂಡದ್ದನ್ನು ಬರೆ” ಎಂದರು. ಯೋಚಿಸಿ ನೋಡಿದೆ. ಕಳೆದ ಒಂದು ವರ್ಷದಲ್ಲಿ ನಾನು ಕಣ್ಣಾರೆ ಕಂಡದ್ದೆಂದರೆ ನಾಲ್ಕು ಗೋಡೆಗಳು. ಆ ಗೋಡೆಗಳ ಮೇಲೆ ತಿಂಗಳಿಗೊಮ್ಮೆ ಏರಿ ಇಳಿದ ಚಿತ್ರಗಳು. ಅದನ್ನೇ ಬರೆಯುತ್ತೇನೆ. ಬರೆಯುವಾಗ ಮನೆಯ ಮಾತೊಂದನ್ನೂ ಹೇಳಬೇಕಾಗುತ್ತದೆ. ಅದನ್ನು ಬಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ.

ನಮ್ಮ ಊರು ಮಲ್ಪೆಗೂ ಕುಂದಾಪುರಕ್ಕೂ ನಡುವೆ ಕಡಲ ಬದಿಯಲ್ಲಿದೆ. ಪೇಟೆಯ ಕೊನೆಯಲ್ಲಿ, ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ, ಹಂಚಿನ ಮಾಡಿನ ಉದ್ದನೆಯ ಕಟ್ಟಡವೊಂದುಂಟು. ಹಿಂದೆ ಅಲ್ಲಿ ಅಕ್ಕಿಮುಡಿಗಳನ್ನು ಪೇರಿಸಿಡುತ್ತಿದ್ದರಂತೆ. ಅಕ್ಕಿಯ ವ್ಯಾಪಾರ ನಿಂತ ಮೇಲೆ ಬಾವಲಿಗಳ ವಾಸಸ್ಥಾನವಾಗಿತ್ತು. ಊರಿನ ಹಿರಿಯರು ಚಂದಾ ಎತ್ತಿ, ಮಾಡನ್ನು ಸರಿಪಡಿಸಿ, ನೆಲಕ್ಕೆ ಗಾರೆ ಹಾಕಿಸಿ, ಅದನ್ನು ಸಾಂಸ್ಕೃತಿಕ ಭವನ ಮಾಡಿದರು. ಸಂಜೆಯ ಹೊತ್ತು ಮಕ್ಕಳಿಗೆ ಯಕ್ಷಗಾನದ ಹೆಜ್ಜೆ ಕಲಿಸುತ್ತಾರೆ, ಶುಕ್ರವಾರ ಭಜನೆ, ಒಂದು ಮೂಲೆಯಲ್ಲಿ ಎರಡು ಕಪಾಟು ಪುಸ್ತಕ. 2024ರ ಜೂನ್ ತಿಂಗಳಲ್ಲಿ ಸಮಿತಿಯವರಿಗೆ ಹೊಸದೊಂದು ಉತ್ಸಾಹ ಹುಟ್ಟಿತು: ತಿಂಗಳಿಗೊಂದು ಕಲಾಪ್ರದರ್ಶನ ಏರ್ಪಡಿಸಬೇಕು. ಮಳೆಯ ಕಾರಣದಿಂದಲೂ ಪರೀಕ್ಷೆಯ ಕಾರಣದಿಂದಲೂ ಕೆಲವು ತಪ್ಪಿ, ಮುಂದಿನ ಮೇ ತಿಂಗಳೊಳಗೆ ಒಂಬತ್ತು ನಡೆದವು.

ನಮ್ಮ ಇತಿಹಾಸದ ಅಧ್ಯಾಪಕರು ಆ ಸಮಿತಿಯಲ್ಲಿದ್ದಾರೆ. ಅವರ ಶಿಫಾರಸಿನಿಂದ ನನಗೆ ಶನಿವಾರ, ಭಾನುವಾರ ಅಲ್ಲಿ ಕೂರುವ ಕೆಲಸ ಸಿಕ್ಕಿತು. ದಿನಕ್ಕೆ 300 ರೂಪಾಯಿ. ಕೆಲಸ ಮೂರು: ಬಾಗಿಲು ತೆರೆದು ದೀಪ ಹಾಕುವುದು, ಬಂದವರಿಂದ ಅಭಿಪ್ರಾಯ ಪುಸ್ತಕದಲ್ಲಿ ಹೆಸರು ಬರೆಸುವುದು, ಯಾರೂ ಏನನ್ನೂ ಮುಟ್ಟದಂತೆ ನೋಡಿಕೊಳ್ಳುವುದು. ಮೂರನೆಯದೇ ಕಠಿನ. ನಮ್ಮ ಜನಕ್ಕೆ ಯಾವ ವಸ್ತುವನ್ನೂ ಒಮ್ಮೆ ಮುಟ್ಟಿ ನೋಡದೆ ಅದು ಇದೆಯೆಂಬ ನಂಬಿಕೆ ಬರುವುದಿಲ್ಲ.

ಆ ಭವನದಲ್ಲಿ ನನಗಿಂತ ಮೊದಲೇ ಕೆಲಸಕ್ಕೆ ಸೇರಿದವರು ಇನ್ನೊಬ್ಬರಿದ್ದರು. ಅವರು ನನ್ನ ತಂದೆ.

ಅಪ್ಪಯ್ಯನ ಕಸುಬು ಬಣ್ಣ ಬಳಿಯುವುದು. ಓದಿದ್ದು ನಾಲ್ಕನೆಯ ತರಗತಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಷ್ಟೆ. ಆಗ ದಡಕ್ಕೆ ಎಳೆದಿಟ್ಟ ದೋಣಿಗಳಿಗೆ, ಮಳೆ ಹೊಳವಾದ ದಿನಗಳಲ್ಲಿ, ಹೊಸ ಬಣ್ಣ ಕೊಟ್ಟು ಹೆಸರು, ನಂಬರು ಬರೆಯುತ್ತಾರೆ. ಉಳಿದ ತಿಂಗಳುಗಳಲ್ಲಿ ಮನೆಗಳ ಗೋಡೆ, ಶಾಲೆಗಳ ಗೋಡೆ, ದೇವಸ್ಥಾನದ ಪೌಳಿ. ಅಜ್ಜ ಹೊಳೆಯ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದವರು. ಹಾಗಾಗಿ ಪೇಟೆಯಿಂದ ಡಬ್ಬಿಯಲ್ಲಿ ಬರುವ ಬಣ್ಣ ಅಪ್ಪಯ್ಯನಿಗೆ ಅನ್ನ ಕೊಡುತ್ತಿದ್ದರೂ ಮನಸ್ಸು ಇಂದಿಗೂ ಸುಣ್ಣದ ಕಡೆಗೇ. ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾರೆ. ಇಬ್ಬರ ಕೈಗೂ ಕಸುಬಿನ ಕಲೆ ಹತ್ತಿದೆ. ಯಾವ ಸಾಬೂನಿಗೂ ಹೋಗದು. ಆ ಎರಡು ಜೊತೆ ಕೈಗಳಿಂದ ನಾನು ಬಿ. ಎ. ಮೂರನೆಯ ವರ್ಷಕ್ಕೆ ಬಂದಿದ್ದೇನೆ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ.

ಭವನದ ಗೋಡೆಗಳ ಉಸ್ತುವಾರಿ ಅಪ್ಪಯ್ಯನದು. ಗೋಡೆ ಕೆಂಪುಕಲ್ಲಿನದು. ಅದರಲ್ಲಿ ಮೊಳೆ ಚೆನ್ನಾಗಿ ಹಿಡಿಯುವುದಿಲ್ಲ. ಹೊಡೆದಂತೆ ಕಲ್ಲು ಪುಡಿಯಾಗಿ ಉದುರುತ್ತದೆ. ಪ್ರದರ್ಶನ ಮುಗಿದು ಚಿತ್ರಗಳನ್ನು ಇಳಿಸಿದ ಮರುದಿನ, ಅಂದರೆ ಸೋಮವಾರ, ಅಪ್ಪಯ್ಯ ಏಣಿ ತಂದು ತೂತುಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜಿ, ಮೇಲೊಂದು ಕೈ ಬಿಳಿ ಬಣ್ಣ ಕೊಡುತ್ತಿದ್ದರು. ಮುಂದಿನ ಪ್ರದರ್ಶನಕ್ಕೆ ಗೋಡೆ ಹಾಲಿನಂತೆ ಸಿದ್ಧವಾಗುತ್ತಿತ್ತು. ಹೀಗೆ, ವರ್ಷವಿಡೀ ಒಂದೇ ಕೋಣೆಯಲ್ಲಿ ಅಪ್ಪ ಮಗ ಇಬ್ಬರೂ ದುಡಿದೆವು. ಆದರೆ ಒಬ್ಬರಿದ್ದಾಗ ಒಬ್ಬರಿಲ್ಲ. ಅವರು ಚಿತ್ರವಿಲ್ಲದ ಗೋಡೆಯನ್ನು ನೋಡಿದರು. ನಾನು ಗೋಡೆ ಕಾಣಿಸದ ಚಿತ್ರವನ್ನು ನೋಡಿದೆ.

ಮೊದಲ ಪ್ರದರ್ಶನ ಜುಲೈ ತಿಂಗಳಲ್ಲಿ ನಡೆಯಿತು. ಕೆ. ಕೆ. ಹೆಬ್ಬಾರರ ಚಿತ್ರಗಳ ಅಚ್ಚು ಪ್ರತಿಗಳು. ಆಷಾಢದ ಥಂಡಿಯಲ್ಲಿ ಮೂಲ ಚಿತ್ರಗಳನ್ನು ಹಂಚಿನ ಮಾಡಿನ ಕೆಳಗೆ ತೂಗುಹಾಕುವ ಧೈರ್ಯ ಯಾರಿಗಿದ್ದೀತು? ಹೆಬ್ಬಾರರು ಉಡುಪಿಯ ಹತ್ತಿರದ ಕಟ್ಟಿಂಗೇರಿಯವರು, 1911ರಲ್ಲಿ ಹುಟ್ಟಿದವರು. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಅಧ್ಯಾಪಕರಾಗಿದ್ದು, ಪ್ಯಾರಿಸ್ಸಿಗೆ ಹೋಗಿ ಕಲಿತು ಬಂದು, 1989ರಲ್ಲಿ ಪದ್ಮಭೂಷಣರಾಗಿ, 1996ರಲ್ಲಿ ತೀರಿಕೊಂಡರು. ಇಷ್ಟನ್ನೂ ನಾನು ಬಾಯಿಪಾಠ ಮಾಡಿದ್ದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದೆ. ಉದ್ಘಾಟನೆಗೆ ಬೆಂಗಳೂರಿನಿಂದ ಅತಿಥಿಯೊಬ್ಬರು ಬಂದಿದ್ದರು. ನಮ್ಮ ಕಾಲೇಜಿನ ಅಧ್ಯಾಪಕರು ಐದಾರು ಮಂದಿ ಇದ್ದರು.

ಸಭೆಗೆ ಇನ್ನೊಂದು ಗಂಟೆ ಇರುವಾಗ ಪಡುವಣ ಗೋಡೆಯಲ್ಲಿ ನೀರು ಒಸರಿ ಬಣ್ಣ ಗುಳ್ಳೆಯೆದ್ದಿತು. ಕಾರ್ಯದರ್ಶಿಗಳು ಗಾಬರಿಯಾಗಿ ಅಪ್ಪಯ್ಯನಿಗೆ ಫೋನು ಮಾಡಿದರು. ಅವರು ಬೇರೆಲ್ಲೋ ಕೆಲಸದಲ್ಲಿದ್ದವರು, ಮಳೆಯಲ್ಲಿ ನೆನೆಯುತ್ತ, ಲುಂಗಿ ಎತ್ತಿ ಕಟ್ಟಿ, ತಲೆಗೆ ಬೈರಾಸು ಸುತ್ತಿ, ಬಾಲ್ದಿಯೊಂದಿಗೆ ಬಂದರು. ಬಂದವರೇ ಏಣಿ ಹತ್ತಿ ಗುಳ್ಳೆಯನ್ನು ಕೆರೆದು ಸರಿಮಾಡತೊಡಗಿದರು. ಅದೇ ಹೊತ್ತಿಗೆ ಅತಿಥಿಗಳೂ ಬಂದುಬಿಟ್ಟರು. ಅವರು ಸಜ್ಜನರು. ನನ್ನ ಕಡೆಗೆ ತಿರುಗಿ, “ಪಾಪ, ಮಳೆಯಲ್ಲಿ ಬಂದಿದ್ದಾರಲ್ಲ, ಅವರು ಯಾರು?” ಎಂದು ವಿಶ್ವಾಸದಿಂದಲೇ ಕೇಳಿದರು.

ನಾನು ಹೇಳಿದೆ: “ಅವರು ಸುಣ್ಣ ಬಳಿಯುವವರು ಸರ್.”

ಏಣಿ ನಮ್ಮಿಂದ ಎರಡು ಮಾರು ದೂರದಲ್ಲಿತ್ತು. ಅಪ್ಪಯ್ಯನ ಕೈ ನಿಲ್ಲಲಿಲ್ಲ. ಗುಳ್ಳೆ ಇದ್ದ ಜಾಗವನ್ನು ನಯಮಾಡಿ, ಅದು ಮರೆಯಾಗುವಂತೆ ಒಂದು ಚಿತ್ರವನ್ನು ಅರ್ಧ ಮೊಳ ಸರಿಸಬೇಕೆಂದು ಕಾರ್ಯದರ್ಶಿಗಳಿಗೆ ಹೇಳಿ, ಏಣಿ ಹೊತ್ತು ಹಿಂದಿನ ಬಾಗಿಲಿನಿಂದ ಹೋದರು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಗಂಟಲು ಕಟ್ಟಿತು. “ಅಪ್ಪಯ್ಯ, ಆಗ ನಾನು ಅವರ ಹತ್ತಿರ...” ಎಂದು ಶುರುಮಾಡಿದೆ.

“ಎಂತ ಮಗ? ನೀ ಸುಳ್ಳ್ ಹೇಳ್ಲಿಲ್ಲ ಅಲ್ದಾ? ನಾ ಸುಣ್ಣ ಬಳಿವವನೇ” ಎಂದರು, ಮೀನಿನ ಸಾರು ಬಡಿಸಿಕೊಂಡರು.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅನ್ನ ಇಳಿಯುತ್ತಿತ್ತು.

ಮಿತ್ರರೇ, ನಮ್ಮಲ್ಲಿ ಅನೇಕರು ನನ್ನಂಥವರೇ. ತಂದೆತಾಯಿಗಳು ದುಡಿದು ಕಳಿಸಿದ ದುಡ್ಡಿನಲ್ಲಿ ಅಂಗಿ ಹೊಲಿಸಿಕೊಂಡು, ಆ ಅಂಗಿ ತೊಟ್ಟ ದಿನವೇ ಅವರು ಎದುರಿಗೆ ಬಾರದಿರಲಿ ಎಂದು ಹಾರೈಸುವವರು. ಕಾಲೇಜಿಗೆ ಪೋಷಕರ ಸಭೆಯ ಕಾಗದ ಬಂದರೆ ಅದನ್ನು ಪುಸ್ತಕದೊಳಗೇ ಇಟ್ಟುಕೊಂಡವರು ಎಷ್ಟು ಮಂದಿ ಇದ್ದೇವೆ! ನಾನೇನೂ ನಿಮ್ಮ ಮೇಲೆ ದೋಷ ಹೊರಿಸುತ್ತಿಲ್ಲ. ನನ್ನದನ್ನು ಹೇಳುತ್ತಿದ್ದೇನೆ.

ಇನ್ನು ಪ್ರದರ್ಶನಗಳ ವಿಷಯ. ಮೊದಮೊದಲು ನಾನು ಚಿತ್ರಗಳನ್ನು ನೋಡುತ್ತಲೇ ಇರಲಿಲ್ಲ. ಕೆಳಗಿನ ಚೀಟಿಯನ್ನು ಓದುತ್ತಿದ್ದೆ. ಓದಿ ಬೆಳೆದವರಿಗೆ ಇದೊಂದು ರೋಗ. ಚೀಟಿಯಲ್ಲಿ ಏನಿದೆಯೋ ಅದು ಚಿತ್ರದಲ್ಲಿ ಇದೆಯೆಂದು ಖಾತ್ರಿಮಾಡಿಕೊಂಡರೆ ನೋಡುವ ಕೆಲಸ ಮುಗಿಯಿತು. ಒಂದು ಭಾನುವಾರ ಮಳೆ ಹಿಡಿದು ಇಡೀ ಮಧ್ಯಾಹ್ನ ಒಬ್ಬರೂ ಬರಲಿಲ್ಲ. ವಿದ್ಯುತ್ತೂ ಹೋಗಿತ್ತು. ಚೀಟಿ ಓದಲು ಬೆಳಕು ಸಾಲದು. ಆಗ ಬೇರೆ ದಾರಿಯಿಲ್ಲದೆ ಹೆಬ್ಬಾರರ ಒಂದು ರೇಖಾಚಿತ್ರದ ಮುಂದೆ ನಿಂತೆ. ಕುಣಿಯುವ ಆಕೃತಿಯೊಂದು. ಬಣ್ಣವಿಲ್ಲ, ನೆರಳಿಲ್ಲ, ನಾಲ್ಕಾರು ಗೆರೆ. ಒಂದು ಗೆರೆ ಭುಜದಿಂದ ಹೊರಟು ಸೊಂಟದ ಹತ್ತಿರ ತೆಳ್ಳಗಾಗಿ, ಹಿಮ್ಮಡಿಗೆ ಬರುವಾಗ ದಪ್ಪವಾಗಿ ನೆಲಕ್ಕೆ ತಾಗುತ್ತದೆ. ನಮ್ಮ ಭವನದಲ್ಲಿ ಹುಡುಗರಿಗೆ ಹೆಜ್ಜೆ ಹೇಳಿಕೊಡುವ ಗುರುಗಳು, “ಭಾರ ಹಿಮ್ಮಡಿಗೆ ಬರಲಿ” ಎಂದು ದಿನವೂ ಕೂಗುವುದು ಇದನ್ನೇ ಅಲ್ಲವೇ ಎನಿಸಿತು. ಗೆರೆ ದಪ್ಪವಾದಲ್ಲಿ ದೇಹದ ಭಾರವಿತ್ತು. ಈ ಸಂಗತಿ ಚೀಟಿಯಲ್ಲಿರಲಿಲ್ಲ. ಅದು ನನ್ನ ಕಣ್ಣಿಗೆ ತಾನಾಗಿ ಕಂಡ ಮೊದಲ ಸಂಗತಿ. ಅದನ್ನು ಯಾರಿಗಾದರೂ ಹೇಳಬೇಕೆಂದು ಅಂದು ಎಷ್ಟು ಒದ್ದಾಡಿದೆ!

ಆಗಸ್ಟಿನಲ್ಲಿ ಶಾಲಾ ಮಕ್ಕಳ ಚಿತ್ರಗಳು ಬಂದವು. ನೂರಕ್ಕೆ ತೊಂಬತ್ತು ಚಿತ್ರಗಳಲ್ಲಿ ಒಂದೇ ದೃಶ್ಯ: ಎರಡು ಗುಡ್ಡ, ನಡುವೆ ಉದಯಿಸುವ ಸೂರ್ಯ, ಗುಡ್ಡದ ಬುಡದಲ್ಲೊಂದು ಮನೆ, ಮನೆಯ ಪಕ್ಕ ತೆಂಗಿನಮರ. ಈ ಮಕ್ಕಳೆಲ್ಲ ಕಡಲ ದಂಡೆಯವರು. ದಿನವೂ ಸಂಜೆ ಸೂರ್ಯ ನೀರಿಗೆ ಇಳಿಯುವುದನ್ನು ಕಂಡವರು. ಆದರೂ ಕಾಗದ ಕೊಟ್ಟರೆ ಗುಡ್ಡದ ನಡುವಿನ ಸೂರ್ಯನನ್ನೇ ಬರೆಯುತ್ತಾರೆ; ಯಾಕೆಂದರೆ ಚಿತ್ರವೆಂದರೆ ಹಾಗಿರಬೇಕೆಂದು ಯಾರೋ ಎಂದೋ ಕಲಿಸಿದ್ದಾರೆ. ಒಬ್ಬ ಹುಡುಗಿ ಮಾತ್ರ ತನ್ನ ತಾಯಿ ಮೀನಿನ ಬುಟ್ಟಿಯ ಮುಂದೆ ಕುಳಿತದ್ದನ್ನು ಬರೆದಿದ್ದಳು. ಮೀನಿಗಿಂತ ನೊಣಗಳೇ ಹೆಚ್ಚು. ತೀರ್ಪುಗಾರರು ಅದಕ್ಕೆ ಬಹುಮಾನ ಕೊಡಲಿಲ್ಲ. ಜನ ಹೆಚ್ಚು ಹೊತ್ತು ನಿಂತು ನೋಡಿದ್ದು ಅದನ್ನೇ.

ಅಕ್ಟೋಬರಿನಲ್ಲಿ ಹುಲಿವೇಷದ ಛಾಯಾಚಿತ್ರಗಳು. ಮಂಗಳೂರಿನಲ್ಲಿ ನವರಾತ್ರಿಗೆ, ಉಡುಪಿಯಲ್ಲಿ ಕೃಷ್ಣಾಷ್ಟಮಿಗೆ ಹುಲಿಗಳು ಬೀದಿಗಿಳಿಯುವುದು ನಿಮಗೆಲ್ಲ ತಿಳಿದದ್ದೇ. ನಾವು ಕಾಣುವುದು ಕುಣಿತವನ್ನು. ಆ ಛಾಯಾಚಿತ್ರಗಳಲ್ಲಿದ್ದುದು ಕುಣಿತಕ್ಕೆ ಮೊದಲಿನ ರಾತ್ರಿ: ಎರಡು ಕೈಗಳನ್ನೂ ಕೋಲಿನ ಆಸರೆಗೆ ಚಾಚಿ, ಮೈಯ ಬಣ್ಣ ಆರುವವರೆಗೆ ಗಂಟೆಗಟ್ಟಲೆ ನಿಂತೇ ತೂಕಡಿಸುವ ಹುಡುಗರು. ಮನೆಗೆ ಬಂದು ವರ್ಣಿಸಿದೆ. ಅಪ್ಪಯ್ಯ, “ಆಯಿಲ್ ಪೇಂಟ್ ಮೈಗ್ ಹಾಕಿರೆ ಉರಿ ಹ್ಯಾಂಗಿರತ್ತ್ ಅಂದೇಳಿ ನಂಗ್ ಗೊತ್ತ್. ಅದನ್ನ್ ತೆಗುಕೆ ಚಿಮಣಿಎಣ್ಣೆ ಹಾಕಿ ತಿಕ್ಕುದ್ ಇನ್ನೂ ಉರಿ” ಎಂದರು. ಆ ಉರಿಯೂ ಚೀಟಿಯಲ್ಲಿರಲಿಲ್ಲ.

ಡಿಸೆಂಬರಿನಲ್ಲಿ ಭೂತಗಳ ಮರದ ಮೂರ್ತಿಗಳ ಛಾಯಾಚಿತ್ರಗಳನ್ನು ಹಾಕಿದ್ದರು. ಬಾರಕೂರಿನ ಹತ್ತಿರದ ಮೆಕ್ಕೆಕಟ್ಟಿನ ಬಣ್ಣದ ಮೂರ್ತಿಗಳನ್ನು ಕಾಣದವರು ನಮ್ಮ ಕಡೆ ಕಡಿಮೆ. ಆದರೆ ಅಲ್ಲಿನ ಹಳೆಯ ಮೂರ್ತಿಗಳಲ್ಲಿ ಹಲವು ಇಂದು ದೆಹಲಿಯ ಕರಕುಶಲ ವಸ್ತು ಸಂಗ್ರಹಾಲಯದಲ್ಲಿವೆ ಎಂಬುದು ನನಗೆ ತಿಳಿದದ್ದು ಅಂದೇ. ಊರಿನಲ್ಲಿ ಹೊಸ ಮೂರ್ತಿಗಳಿಗೆ ಪೂಜೆ. ದೆಹಲಿಯಲ್ಲಿ ಹಳೆಯವಕ್ಕೆ ಗಾಜಿನ ಆಚೆಯಿಂದ ನೋಟ. ಪ್ರದರ್ಶನಕ್ಕೆ ಬಂದ ಮುದುಕಿಯೊಬ್ಬರು ಛಾಯಾಚಿತ್ರದ ಮುಂದೆಯೇ ಚಪ್ಪಲಿ ಕಳಚಿ ಕೈಮುಗಿದರು. ಅವರ ಹಿಂದಿದ್ದ ತರುಣರು ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಂಡು, ಮೂಲವನ್ನು ನೋಡದೆ ಮುಂದೆ ಹೋದರು. ಇಬ್ಬರಲ್ಲಿ ಕಂಡವರು ಯಾರು ಎಂಬ ಪ್ರಶ್ನೆಗೆ ನನಗೆ ಅನುಮಾನವಿಲ್ಲ.

ಪ್ರತಿ ಪ್ರದರ್ಶನಕ್ಕೂ ಅಪ್ಪಯ್ಯನನ್ನು ಕರೆದೆ. ಪ್ರಾಯಶ್ಚಿತ್ತದ ಕರೆಯೆಂದೇ ಹೇಳಿರಿ. “ನಂಗ್ ಅದೆಲ್ಲ ತಿಳಿತಿಲ್ಲ ಮಗ. ಓದ್ದವ್ರ್ ಕಾಂಬುದ್ ಅದ್” ಎನ್ನುತ್ತಿದ್ದರು. ಆದರೆ ಸೋಮವಾರ ಸಂಜೆ ಮನೆಗೆ ಬಂದು, “ಈ ಸಲ ದೊಡ್ಡ ಚಿತ್ರ ನಾಕ್ ಇತ್ತಲ್ದಾ? ಮೊಳಿ ಆಳಕ್ ಹೋಯ್ತ್” ಎಂದೋ, “ಮಕ್ಕಳ ಚಿತ್ರವೇ ಒಳ್ಳೇದ್, ಗ್ವಾಡಿಗ್ ಪೆಟ್ಟೇ ಇಲ್ಲ” ಎಂದೋ ವರದಿ ಒಪ್ಪಿಸುತ್ತಿದ್ದರು. ಒಂದೊಂದು ಪ್ರದರ್ಶನವನ್ನೂ ಅದು ಬಿಟ್ಟುಹೋದ ತೂತುಗಳಿಂದ ಬಲ್ಲವರು ಜಗತ್ತಿನಲ್ಲಿ ಅವರೊಬ್ಬರೇ ಇದ್ದಾರು.

ಜನವರಿಯಲ್ಲಿ ಸಮಿತಿಯವರು ನಮ್ಮನ್ನೆಲ್ಲ ಮಂಗಳೂರಿಗೆ ಕರೆದೊಯ್ದರು. ಬಾವುಟಗುಡ್ಡೆಯ ಮೇಲಿನ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನು ನೋಡಿದೆವು. ಆಂತೋನಿಯೋ ಮೊಸ್ಕೇನಿ ಎಂಬ ಇಟಲಿ ದೇಶದ ಜೆಸ್ವಿತ್ ಸಹೋದರರು 1899ರಿಂದ ಸುಮಾರು ಎರಡು ವರ್ಷ ಶ್ರಮಿಸಿ ಅದರ ಗೋಡೆಗಳನ್ನೂ ಮಾಡನ್ನೂ ಚಿತ್ರಗಳಿಂದ ತುಂಬಿದರು. ಮಾಡಿನ ಚಿತ್ರಗಳಲ್ಲಿ ಹಲವು ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣದಲ್ಲಿ ಬರೆದವು. ಗೋಡೆಯ ಮೇಲೆ ಹಸಿಗಾರೆಯ ಚಿತ್ರಗಳಿವೆ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಿದರೆ, ಗಾರೆ ಗಟ್ಟಿಯಾಗುವಾಗ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಆಮೇಲೆ ಚಿತ್ರ ಬೇರೆಯಲ್ಲ, ಗೋಡೆ ಬೇರೆಯಲ್ಲ. ಆದ್ದರಿಂದ ಇಂಥ ಕೆಲಸದಲ್ಲಿ ಒಂದು ದಿನಕ್ಕೆ ಎಷ್ಟು ಬರೆಯಲಾಗುತ್ತದೋ ಅಷ್ಟೇ ಜಾಗಕ್ಕೆ ಗಾರೆ ಬಳಿಯಬೇಕು.

ಇದನ್ನು ರಾತ್ರಿ ಮನೆಯಲ್ಲಿ ಹೇಳುತ್ತಿದ್ದಾಗ ಅಪ್ಪಯ್ಯ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. “ಹಾಂಗಾರೆ ದಿನಾ ಮುಂಜಾನೆ ಗಾರೆ ಹಾಕಿ ಕೊಟ್ಟವ ಯಾರ್?” ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಅಲ್ಲಿ ಅಷ್ಟು ಹೊತ್ತು ಕತ್ತೆತ್ತಿ ನೋಡಿದ ನಮ್ಮಲ್ಲಿ ಒಬ್ಬರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಚಿತ್ರ ಬರೆದ ಸಹೋದರರ ಹೆಸರು ನಮಗೆ ಕಂಠಸ್ಥ. ಬೆಳಗಾಗುವುದರೊಳಗೆ ಗಾರೆ ಕಲಸಿ, ಗೋಡೆಗೆ ಹಚ್ಚಿ, “ಇನ್ನು ಬರೆಯಬಹುದು” ಎಂದು ಹೇಳಿದ ಕೈ ಯಾರದೋ! ಯಾರದಾದರೂ ಇರಲೇಬೇಕು.

ಫೆಬ್ರವರಿಯಲ್ಲಿ ಕಾವಿಕಲೆಯ ಪ್ರದರ್ಶನ ನಡೆಯಿತು. ಗೋವೆಯಿಂದ ನಮ್ಮ ಕರಾವಳಿಯವರೆಗೆ ಹಳೆಯ ದೇವಸ್ಥಾನಗಳಲ್ಲಿ, ಮಠಗಳಲ್ಲಿ, ದೊಡ್ಡ ಮನೆಗಳಲ್ಲಿ ಬಿಳಿ ಗೋಡೆಯ ಮೇಲೆ ಕೆಂಪು ಬಣ್ಣದ ಬಳ್ಳಿ, ಹೂ, ಆನೆ, ಸಿಂಹ, ದಶಾವತಾರ ಇತ್ಯಾದಿ ಚಿತ್ರಗಳಿದ್ದವು. ಶಿರಾಲಿಯ ದೇವಸ್ಥಾನದ ಕಾವಿ ಚಿತ್ರಗಳು ಬಹು ಹೆಸರಾದವು. ಎರಡೇ ಬಣ್ಣ: ಸುಣ್ಣದ ಬಿಳಿ, ಮಣ್ಣಿನ ಕೆಂಪು. ನೋಡಿದರೆ ಕೆಂಪು ಬಣ್ಣದಲ್ಲಿ ಬರೆದಂತೆ ಕಾಣುತ್ತದೆ. ನಿಜವಾಗಿ ಅದು ಬರೆದದ್ದಲ್ಲ, ಕೆರೆದದ್ದು. ಚಿಪ್ಪಿನ ಸುಣ್ಣಕ್ಕೆ ತೊಳೆದ ಮರಳನ್ನೂ ಬೆಲ್ಲದ ನೀರನ್ನೂ ಸೇರಿಸಿ, ಕೆಲವು ದಿನ ಕೊಳೆಯಿಸಿ, ಕುಟ್ಟಿ ಹದಮಾಡಿ ಗೋಡೆಗೆ ಬಳಿಯುತ್ತಾರೆ. ಅದರ ಮೇಲೆ ಕೆಂಪುಮಣ್ಣು ಬೆರೆಸಿದ ತೆಳುವಾದ ಲೇಪ. ಅದು ಪೂರ್ಣ ಒಣಗುವ ಮೊದಲೇ ಚೂಪಾದ ಉಕ್ಕಿನ ಕಡ್ಡಿಯಿಂದ ಬೇಡದ ಕೆಂಪನ್ನು ಕೆರೆದು ತೆಗೆದರೆ ಒಳಗಿನ ಬಿಳಿ ಹೊರಬೀಳುತ್ತದೆ. ಉಳಿದ ಕೆಂಪೇ ಚಿತ್ರ. ಹೆಚ್ಚು ಹಸಿಯಿದ್ದರೆ ಅಂಚು ಕದಡುತ್ತದೆ. ಹೆಚ್ಚು ಒಣಗಿದರೆ ಸಿಡಿಯುತ್ತದೆ.

ಇದನ್ನು ಮಾಡಿ ತೋರಿಸಲು ಕಲಾವಿದರೊಬ್ಬರು ಬಂದಿದ್ದರು. ಮರದ ಚೌಕಟ್ಟಿನಲ್ಲಿ ಗಾರೆ ಹಾಕಿ ಎರಡು ಮೊಳ ಅಗಲದ ಒಂದು ಪುಟ್ಟ ಗೋಡೆಯನ್ನೇ ಕಟ್ಟಿದ್ದರು. ಹಿಂದಿನ ರಾತ್ರಿ ನಾನು ಅಪ್ಪಯ್ಯನಿಗೆ, “ಚಿತ್ರ ನೋಡಲು ಬರುವುದು ಬೇಡ. ನಾಳೆ ಗಾರೆ ಹಾಕುತ್ತಾರಂತೆ, ಅದನ್ನು ನೋಡಲು ಬನ್ನಿ” ಎಂದೆ. ಬಂದರು. ಬಿಳಿ ಅಂಗಿ, ಬಿಳಿ ಪಂಚೆ. ಜೊತೆಗೆ ಅಮ್ಮ. ಇಬ್ಬರೂ ಎದುರಿನ ಬಾಗಿಲಿನಿಂದ ಒಳಗೆ ಬಂದದ್ದು ಅದೇ ಮೊದಲು. ಬಂದವರು ಹಿಂದಿನ ಸಾಲಿನಲ್ಲಿ ಗೋಡೆಗೆ ಅಂಟಿಕೊಂಡಂತೆ ನಿಂತರು.

ಕೆಂಪು ಲೇಪ ಬಳಿದಾಯಿತು. ಕಲಾವಿದರು ಕಡ್ಡಿ ಕೈಗೆತ್ತಿಕೊಂಡರು. ಅಷ್ಟರಲ್ಲಿ ಹಿಂದಿನಿಂದ ಮೆಲ್ಲನೆ ಮಾತು ಬಂತು: “ಸ್ವಾಮಿ, ಹದ ಆಯ್ಲಿಲ್ಲ ಕಾಂತ್.”

ಎಲ್ಲರೂ ತಿರುಗಿದರು. ಅಪ್ಪಯ್ಯ ತಲೆತಗ್ಗಿಸಿದರು. ಕಲಾವಿದರು ದೊಡ್ಡ ಮನಸ್ಸಿನವರು. ನಕ್ಕು, “ಬನ್ನಿ, ನೋಡಿ ಹೇಳಿ” ಎಂದರು. ಯಾರೂ ಏನನ್ನೂ ಮುಟ್ಟದಂತೆ ನೋಡಿಕೊಳ್ಳಬೇಕಾದ ನಾನು ದಾರಿ ಬಿಟ್ಟೆ. ಅಪ್ಪಯ್ಯ ಮುಂದೆ ಬಂದು ಅಂಗೈಯ ಹಿಂಬದಿಯನ್ನು ಮೂಲೆಯಲ್ಲೊಮ್ಮೆ ತಾಗಿಸಿದರು. “ಇನ್ನೊಂದ್ ಎಲೆ ಅಡಕೆ ತಿಂಬಷ್ಟ್ ಹೊತ್ತ್ ಬಿಡಿ” ಎಂದರು. ಕಲಾವಿದರು ತಾವೂ ಮುಟ್ಟಿ ನೋಡಿ, ಹೌದೆಂದು ತಲೆದೂಗಿ ಕಡ್ಡಿ ಕೆಳಗಿಟ್ಟರು. ಸಭೆ ಅಷ್ಟು ಹೊತ್ತು ಸುಮ್ಮನೆ ಕಾಯಿತು. ಆಮೇಲೆ ಕಡ್ಡಿ ಓಡಿದ ಕಡೆ ಬಿಳಿ ಗೆರೆ ಸೂಜಿಯಿಂದ ಎಳೆದಷ್ಟು ಸ್ಪಷ್ಟವಾಗಿ ಮೂಡಿತು.

ಈ ಸಲ ಅವರು ಯಾರೆಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಸುಲಭವಾಗುತ್ತಿತ್ತು. ಕೇಳದಿದ್ದಾಗ ತಾನಾಗಿ ಹೇಳುವುದಕ್ಕೆ ಎಷ್ಟು ಬಲ ಬೇಕೆಂಬುದು ನನಗೆ ಆಗ ಗೊತ್ತಾಯಿತು. ಪಕ್ಕದಲ್ಲಿದ್ದ ನಮ್ಮ ಅಧ್ಯಾಪಕರಿಗೂ ಕಲಾವಿದರಿಗೂ ಕೇಳಿಸುವಂತೆ, “ಇವರು ನನ್ನ ತಂದೆ. ಈ ಭವನದ ಗೋಡೆಗಳೆಲ್ಲ ಇವರ ಕೈಯವೇ” ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖವಾಗಿತ್ತು. ಆದರೆ ಅಂದು ಮನೆಗೆ ನಡೆದುಬರುವಾಗ ಅಪ್ಪಯ್ಯ ಮಾತಾಡಲಿಲ್ಲ. ಹೊಳೆಯ ಬದಿಗೆ ಬಂದಾಗ ನಿಂತು ಹೇಳಿದರು. ಅವರಿಗೆ ಇಪ್ಪತ್ತರ ಪ್ರಾಯವಿದ್ದಾಗ ಗುತ್ತಿಗೆದಾರರೊಬ್ಬರ ಕೈಕೆಳಗೆ ಒಂದು ದೇವಸ್ಥಾನದ ಜೀರ್ಣೋದ್ಧಾರದ ಕೆಲಸಕ್ಕೆ ಹೋಗಿದ್ದರಂತೆ. ಪೌಳಿಯ ಒಳಗೋಡೆಯ ತುಂಬ ಇಂಥವೇ ಕೆಂಪು ಚಿತ್ರಗಳು. ಅಲ್ಲಲ್ಲಿ ಗಾರೆ ಉದುರಿತ್ತು. “ಹಳೇದೆಲ್ಲ ಕಾಣಬಾರ್ದ್, ಹೊಸತ್ ಮಾಡ್ಕ್ ಅಂದ್ರ್. ಮೊದ್ಲ್ ಕೆರ್ದೆ. ಕೆರಿಯದ್ದಕ್ಕೆ ಮೂರ್ ಕೋಟ್ ಆಯಿಲ್ ಪೇಂಟ್ ಹೊಡ್ದೆ. ಒಂದ್ ಆನೆ ಇತ್ತ್, ಅದ್ ಎರಡ್ ಕೋಟಿಗೂ ಮುಚ್ಲಿಲ್ಲ. ಮೂರ್ನೇ ಕೋಟಿಗ್ ಹೋಯ್ತ್.” ಸ್ವಲ್ಪ ಹೊತ್ತು ಬಿಟ್ಟು, “ಅದ್ ಇಂಥದ್ದ್ ಅಂದೇಳಿ ಒಬ್ರಾದ್ರೂ ಹೇಳಿದ್ರೆ, ನಾ ಬ್ರಶ್ ಕೆಳಗಿಡ್ತಿದ್ದೆ” ಎಂದರು.

ನಾನು ಉತ್ತರ ಕೊಡಲಾರದೆ ಹೋದೆ.

ಮಿತ್ರರೇ, ಗುರುಗಳೇ, ಈ ಒಂದು ಮಾತನ್ನು ಹೇಳುವುದಕ್ಕಾಗಿಯೇ ಇಷ್ಟು ಬರೆದೆ. ನಮ್ಮ ಕರಾವಳಿಯ ಹಳೆಯ ಗೋಡೆಗಳು ಸುಣ್ಣಕ್ಕೆ ಬದಲಾಗಿ ಎಣ್ಣೆಬಣ್ಣ, ಎಣ್ಣೆಬಣ್ಣದ ಮೇಲೆ ಹೊಳೆಯುವ ಬಿಲ್ಲೆಗಳು, ಹೀಗೆ ಒಂದೊಂದಾಗಿ ಮರೆಯಾದವು. ಅವನ್ನು ಮರೆಮಾಡಿದ ಕೈಗಳು ದುಷ್ಟರ ಕೈಗಳಲ್ಲ. 'ಇದು ಕಲೆ' ಎಂದು ಬಲ್ಲವರು ತಮ್ಮತಮ್ಮಲ್ಲೇ ಹೇಳಿಕೊಂಡರು. ಕುಂಚ ಹಿಡಿದು ಗೋಡೆಯ ಮುಂದೆ ನಿಂತವನಿಗೆ ಹೇಳಲಿಲ್ಲ. ಅವನಿಗೆ ಅದನ್ನು ಹೇಳಬೇಕೆಂದು ತೋರಲೂ ಇಲ್ಲ. ಯಾಕೆಂದರೆ ಅವನು ಬರೀ ಸುಣ್ಣ ಬಳಿಯುವವನು! ಜುಲೈ ತಿಂಗಳಲ್ಲಿ ಬಾಗಿಲಲ್ಲಿ ನಿಂತು ನಾನಾಡಿದ ಮಾತಿಗೂ, ಆ ಆನೆ ಮೂರನೆಯ ಕೋಟಿನಲ್ಲಿ ಮುಳುಗಿದ್ದಕ್ಕೂ ಸಂಬಂಧವಿದೆಯೆಂದು ನನಗೆ ಈಗ ತೋರುತ್ತದೆ. ಪ್ರದರ್ಶನವೆಂಬುದು ಮೊದಲೇ ಬಲ್ಲವರಿಗಾಗಿ ಮಾತ್ರ ಇದ್ದರೆ ಅದರಿಂದ ಚಿತ್ರಕ್ಕೂ ಲಾಭವಿಲ್ಲ, ಊರಿಗೂ ಲಾಭವಿಲ್ಲ. ಹಳೆಯದನ್ನು ಉಳಿಸುವ ಅಥವಾ ಅಳಿಸುವ ಶಕ್ತಿ ಯಾರ ಕೈಯಲ್ಲಿದೆಯೋ ಅವರು ಎದುರಿನ ಬಾಗಿಲಿನಿಂದ ಒಳಗೆ ಬರಬೇಕು. ಅವರನ್ನು ಕರೆತರಬೇಕಾದವರು ನಾವು. ಅವರ ಮನೆಯಿಂದಲೇ ಹೊರಟು ಓದಲು ಬಂದವರು.

ಕೊನೆಗೊಂದು ಮಾತು. ಅಂದು ಹೊರಡುವ ಮುನ್ನ ಅಭಿಪ್ರಾಯ ಪುಸ್ತಕವನ್ನು ಅಪ್ಪಯ್ಯನ ಮುಂದೆ ಇಟ್ಟಿದ್ದೆ. ಆ ಪುಟದಲ್ಲಿ ‘ಅದ್ಭುತ’, ‘ಮನಮೋಹಕ’, ‘ಇಂಥ ಕಾರ್ಯಕ್ರಮಗಳು ಹೆಚ್ಚಲಿ’ ಎಂದೆಲ್ಲ ಇತ್ತು. ಅಪ್ಪಯ್ಯ ಲೇಖನಿಯನ್ನು ಕುಂಚದಂತೆ ಹಿಡಿದು, ದೋಣಿಯ ಮೇಲೆ ಹೆಸರು ಬರೆಯುವ ದುಂಡಗಿನ ಅಕ್ಷರಗಳಲ್ಲಿ ಬಹಳ ಹೊತ್ತು ಬರೆದರು. ಅವರು ಹೋದ ಮೇಲೆ ಓದಿದೆ:

“ಪಡುವಣ ಗೋಡೆಯ ಮೇಲಿನ ಎರಡು ಹಂಚು ಒಡೆದಿದೆ. ಮಳೆಗಾಲಕ್ಕೆ ಮುಂಚೆ ಹಾಕಿಸಬೇಕು. ಚಿತ್ರ ಒಳ್ಳೆಯದಿತ್ತು.”

ವರ್ಷದ ಒಂಬತ್ತು ಪ್ರದರ್ಶನಗಳಿಗೆ ಬಂದ ಅಭಿಪ್ರಾಯಗಳಲ್ಲಿ ಸಮಿತಿಯವರು ಕಾರ್ಯರೂಪಕ್ಕೆ ತಂದದ್ದು ಇದೊಂದನ್ನೇ. ಮೇ ತಿಂಗಳ ಕೊನೆಯ ವಾರ ಹಂಚು ಬದಲಾಯಿಸಿದರು. ಏಣಿಯ ಬುಡವನ್ನು ಹಿಡಿದುಕೊಂಡು ನಿಂತವನು ನಾನು.